ಅಕ್ಕನಿಗೆ ಯಾವ ಅನಿಮೆ ತೋರಿಸಲಿ?

ಪ್ರಶ್ನೆ: ನನಗೆ 25 ವರ್ಷ. ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ. ಕಾಲೇಜು ದಿನಗಳಿಂದ ಅನಿಮೆ (ಜಪಾನಿನ ಆ್ಯನಿಮೇಷನ್) ನೋಡುತ್ತೇನೆ, ಮಾಂಗಾ (ಜಪಾನಿನ ಚಿತ್ರಕತೆ ಪುಸ್ತಕ) ಓದುತ್ತೇನೆ. ಮನೆಯವರಿಗೂ ಇದರ ರುಚಿ ಹತ್ತಿಸಬೇಕೆಂದು ಮೂರು ಸಲ ಪ್ರಯತ್ನಪಟ್ಟು ಮೂರೂ ಸಲ ಸೋತೆ. ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್, ಕಾದಂಬರಿ ಎಂದರೆ ಪ್ರಾಣ. ಅವಳಿಗೆ ‘ಅಟ್ಯಾಕ್ ಆನ್ ಟೈಟನ್’ ಹಾಕಿಕೊಟ್ಟೆ, ಮೊದಲ ಎಪಿಸೋಡಿಗೇ ಎದ್ದುಹೋದಳು. ಮಕ್ಕಳ ಸಿನಿಮಾಗಳಿಗೆ ಹೆಸರಾದ ಜಿಬ್ಲಿ ಸ್ಟುಡಿಯೊದವರ ಸಿನಿಮಾ ಅಲ್ಲವೇ ಎಂಬ ಧೈರ್ಯದಲ್ಲಿ ಅವಳ ಹನ್ನೊಂದು ವರ್ಷದ ಮಗನಿಗೆ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ತೋರಿಸಿದೆ. ಎರಡು ರಾತ್ರಿ ಹುಡುಗ ಸರಿಯಾಗಿ ಮಲಗಲಿಲ್ಲ, ಅಕ್ಕನ ಕೋಪ ಇನ್ನೂ ಇಳಿದಿಲ್ಲ. ಅಪ್ಪ ಹಾಲಿನ ಸೊಸೈಟಿಯಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದವರು, ಮನೆಯಲ್ಲಿ ಈಗಲೂ ಎರಡು ಹಸು ಕಟ್ಟಿದ್ದಾರೆ. ‘ಮಕ್ಕಳ ಕಾರ್ಟೂನು. ಬಾಯೊಂದು ಬಿಟ್ಟರೆ ಬೇರೇನೂ ಅಲ್ಲಾಡಲ್ಲ’ ಅನ್ನುತ್ತಾರೆ. ದಸರಾ ರಜೆಗೆ ಎಲ್ಲರೂ ಊರಲ್ಲಿ ಸೇರುತ್ತೇವೆ. ಯಾವುದರಿಂದ ಶುರು ಮಾಡಲಿ? ಮಾಂಗಾ ಮೊದಲೋ, ಅನಿಮೆ ಮೊದಲೋ? ಜಪಾನಿಯಲ್ಲೇ ನೋಡಬೇಕೋ, ಡಬ್ ಆದದ್ದು ನಡೆಯುತ್ತದೋ?

— ಸಾಗರ ತಾಲ್ಲೂಕಿನ ಓದುಗರು

ಉತ್ತರ: ಯಾವುದು ಒಳ್ಳೆಯ ಅನಿಮೆ ಅನ್ನುವುದು ನಿಮಗೆ ಗೊತ್ತಿದೆ. ನಿಮ್ಮನ್ನು ಕಾಡುತ್ತಿರುವುದು ಬೇರೆ: ನನಗೆ ಇಷ್ಟು ಹತ್ತಿರವಾದದ್ದು ನನ್ನವರಿಗೆ ಯಾಕೆ ತಟ್ಟುತ್ತಿಲ್ಲ ಎಂಬ ಸಂಕಟ. ಇದನ್ನು ನಾನು ಚೆನ್ನಾಗಿ ಬಲ್ಲೆ. ಜಪಾನಿ ಭಾಷೆ ಕಲಿಸುವುದು ನನ್ನ ವೃತ್ತಿ. ಅದರ ಜೊತೆಗೆ ಒಂದು ಗ್ರಂಥಾಲಯದ ಮಾಂಗಾ ಕಪಾಟನ್ನೂ ಶನಿವಾರದ ಅನಿಮೆ ಕೂಟವನ್ನೂ ಹದಿನಾಲ್ಕು ವರ್ಷದಿಂದ ನೋಡಿಕೊಳ್ಳುತ್ತಿದ್ದೇನೆ. ಮೊದಲ ವರ್ಷ ಬಂದವರಿಗೆಲ್ಲ ‘ಮುಶಿಶಿ’ ಹಾಕಿದೆ. ಬೆಟ್ಟಗುಡ್ಡದ ಊರುಗಳಲ್ಲಿ ಒಬ್ಬ ಅಲೆಮಾರಿ ಕಣ್ಣಿಗೆ ಕಾಣದ ಜೀವಗಳ ಜಾಡು ಹಿಡಿದು ನಡೆಯುವ, ತೀರಾ ನಿಧಾನದ ಕತೆಗಳು ಅವು. ನನಗದು ಪ್ರಾಣ. ಹನ್ನೆರಡು ಜನರಲ್ಲಿ ಎಂಟು ಮಂದಿ ಮುಂದಿನ ಶನಿವಾರ ಬರಲಿಲ್ಲ. ‘ಮುಶಿಶಿ’ಯಲ್ಲಿ ಕೊರತೆ ಇರಲಿಲ್ಲ. ಎದುರಿಗೆ ಕೂತವರು ಯಾರು ಎಂದು ನಾನು ಕೇಳಿರಲಿಲ್ಲ.

ನಿಮ್ಮ ಮೂರು ಪ್ರಯತ್ನಗಳಲ್ಲೂ ನಡೆದದ್ದು ಹೆಚ್ಚುಕಡಿಮೆ ಇದೇ. ಅಕ್ಕನ ವಿಷಯ ಮೊದಲು. ‘ಅಟ್ಯಾಕ್ ಆನ್ ಟೈಟನ್’ ಅನಿಮೆ 2013ರಲ್ಲಿ ಶುರುವಾಗಿ 2023ರಲ್ಲಿ ಮುಗಿಯಿತು. ಅದರ ಹೆಸರು ಕೇಳಿದ ಕೂಡಲೇ ನಿಮ್ಮ ಮನಸ್ಸಿಗೆ ಬರುವುದು ಆ ಹತ್ತು ವರ್ಷದ ಕತೆ, ಅದರ ತಿರುವುಗಳು, ಅದರ ರಾಜಕೀಯ. ಅಕ್ಕ ಕಂಡದ್ದು ಇಪ್ಪತ್ತನಾಲ್ಕು ನಿಮಿಷ ಮಾತ್ರ. ಆ ಇಪ್ಪತ್ತನಾಲ್ಕು ನಿಮಿಷದ ಕೊನೆಯಲ್ಲಿ ಮಗನ ಕಣ್ಣೆದುರೇ ತಾಯಿಯನ್ನು ರಾಕ್ಷಸಿ ತಿನ್ನುತ್ತಾಳೆ. ಹನ್ನೊಂದು ವರ್ಷದ ಮಗನಿರುವ ತಾಯಿ ಎದ್ದುಹೋದರೆ ಅದರಲ್ಲಿ ಆಶ್ಚರ್ಯಪಡುವುದೇನಿದೆ?

ಹುಡುಗನ ವಿಷಯದಲ್ಲಿ ನಿಮ್ಮನ್ನು ನೀವು ಹೆಚ್ಚು ಹಳಿದುಕೊಳ್ಳಬೇಡಿ. ತಕಾಹಾತ ಇಸಾವೊ ಅವರ ಆ ಸಿನಿಮಾ 1988ರ ಏಪ್ರಿಲ್ 16ರಂದು ಜಪಾನಿನಲ್ಲಿ ತೆರೆಕಂಡದ್ದು ಮಿಯಾಝಾಕಿ ಹಯಾವೊ ಅವರ ‘ಮೈ ನೇಬರ್ ಟೊಟೊರೊ’ ಜೊತೆ, ಒಂದೇ ಟಿಕೆಟ್ಟಿಗೆ ಎರಡು ಸಿನಿಮಾ ಎಂದು. ಟೊಟೊರೊ ನೋಡಲು ಮಕ್ಕಳನ್ನು ಕರೆತಂದ ಅಪ್ಪ ಅಮ್ಮಂದಿರು, 1945ರಲ್ಲಿ ಕೋಬೆ ನಗರದ ಮೇಲೆ ಬಿದ್ದ ಬಾಂಬುಗಳನ್ನೂ ಹಸಿವಿನಿಂದ ಸಾಯುವ ಅಣ್ಣ ತಂಗಿಯರನ್ನೂ ಅದೇ ಕುರ್ಚಿಯಲ್ಲಿ ಕೂತು ನೋಡಬೇಕಾಯಿತು. ಸಿನಿಮಾ ಶುರುವಾಗುವುದೇ ಹುಡುಗ ತಾನು ಸತ್ತ ದಿನವನ್ನು ಹೇಳುವುದರಿಂದ. ಅದು ದೊಡ್ಡ ಕೃತಿ, ಸಂಶಯವಿಲ್ಲ. ಆದರೆ ದೊಡ್ಡವರ ಕೃತಿ. ಚಿತ್ರ ಬಿಡಿಸಿ ಮಾಡಿದ್ದಾರೆ, ಮಕ್ಕಳೇ ಮುಖ್ಯ ಪಾತ್ರಗಳು, ಜಿಬ್ಲಿಯ ಹೆಸರಿದೆ ಎಂಬ ಮೂರೂ ಗುರುತುಗಳು ಸೇರಿ ನಿಮ್ಮನ್ನು ದಾರಿ ತಪ್ಪಿಸಿದವು.

ಇನ್ನು ಅಪ್ಪನ ‘ಮಕ್ಕಳ ಕಾರ್ಟೂನು’. ಬೇಕಾದರೆ ಅವರನ್ನೇ ಕೇಳಿ: ತೊಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ಬರುತ್ತಿದ್ದ ಮೋಗ್ಲಿ ನೆನಪಿದೆಯೇ ಎಂದು. ಕಾಡಿನ ಆ ಹುಡುಗನ 52 ಎಪಿಸೋಡುಗಳ ಧಾರಾವಾಹಿ ಜಪಾನಿನ ನಿಪ್ಪಾನ್ ಆ್ಯನಿಮೇಷನ್ ಸಂಸ್ಥೆಯದು, ಅಚ್ಚ ಅನಿಮೆ. ಊರಿಗೊಂದು ಟಿ.ವಿ. ಇದ್ದ ಕಾಲದಲ್ಲಿ ಅದನ್ನು ಮಕ್ಕಳ ಜೊತೆ ದೊಡ್ಡವರೂ ಕೂತು ನೋಡಿದ್ದಾರೆ. ಇದಕ್ಕೆ ಉಲ್ಟಾ ಉದಾಹರಣೆ ಶಿನ್‌ಚಾನ್. ನಮ್ಮಲ್ಲಿ ಊಟ ಮಾಡಿಸಲು ಮಕ್ಕಳ ಮುಂದೆ ಹಾಕಿಡುವ ಶಿನ್‌ಚಾನ್, 1990ರಲ್ಲಿ ಜಪಾನಿನಲ್ಲಿ ಹುಟ್ಟಿದ್ದು ‘ಮಾಂಗಾ ಆ್ಯಕ್ಷನ್’ ಎಂಬ ದೊಡ್ಡವರ ವಾರಪತ್ರಿಕೆಯಲ್ಲಿ. ಅದರ ಪೋಲಿ ಮಾತುಗಳು ಸಂಸಾರ ನಡೆಸುವವರು ಓದಿ ನಗಲೆಂದು ಬರೆದವು.

ಇಲ್ಲೇ ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ಶೋನೆನ್, ಶೋಜೊ (ಹುಡುಗಿ), ಸೇನೆನ್ (ಯುವಕ), ಜೋಸೇ (ಮಹಿಳೆ) ಎಂಬ ಹಣೆಪಟ್ಟಿಗಳನ್ನು ನಮ್ಮವರು ವಯಸ್ಸಿನ ಪ್ರಮಾಣಪತ್ರದಂತೆ ಓದುತ್ತಾರೆ. ಅವು ಮಾಂಗಾ ಕಂತುಕಂತಾಗಿ ಬರುವ ಪತ್ರಿಕೆಗಳ ವರ್ಗಗಳು. ಶೋನೆನ್ ಎಂದರೆ ಹುಡುಗ. ಹುಡುಗರು ಕೊಳ್ಳುವ ಪತ್ರಿಕೆಯಲ್ಲಿ ಈ ಕತೆ ಬಂತು ಎಂದಷ್ಟೇ ಅದರ ಅರ್ಥ. 1968ರಲ್ಲಿ ಶುರುವಾದ ‘ಶೋನೆನ್ ಜಂಪ್’ ಅಂಥದ್ದೊಂದು. ತೊಂಬತ್ತರ ದಶಕದ ನಡುವೆ ಅದರ ಪ್ರಸಾರ 65 ಲಕ್ಷ ದಾಟಿತ್ತು. ಅಷ್ಟು ಪ್ರತಿಗಳನ್ನು ಬರೀ ಹುಡುಗರು ಓದಿರಲು ಸಾಧ್ಯವಿಲ್ಲ. ಹೆಸರು ಬರೆದರೆ ಸಾಯುವ ಪುಸ್ತಕದ ಕತೆ ‘ಡೆತ್ ನೋಟ್’ ಬಂದದ್ದು ಅದರಲ್ಲೇ. ನಿಮ್ಮ ಅಕ್ಕ ಎದ್ದುಹೋದ ‘ಅಟ್ಯಾಕ್ ಆನ್ ಟೈಟನ್’ ಕೂಡ ಒಂದು ಶೋನೆನ್ ಪತ್ರಿಕೆಯದೇ. ಹಣೆಪಟ್ಟಿ ನಂಬಿದರೆ ಟೈಟನ್ ಹುಡುಗರಿಗೆ, ಶಿನ್‌ಚಾನ್ ದೊಡ್ಡವರಿಗೆ! ಹಾಗಾಗಿ ಮಗುವಿಗೆ ತೋರಿಸುವ ಮುನ್ನ ನೀವೇ ಒಮ್ಮೆ ನೋಡಿ. ಎಷ್ಟೋ ವರ್ಷದ ಹಿಂದೆ ನೋಡಿದ್ದಾದರೂ ಮತ್ತೆ ನೋಡಿ, ಈ ಸಲ ಹನ್ನೊಂದು ವರ್ಷದವನ ಕಣ್ಣಿನಿಂದ.

ಏನೂ ಅಲ್ಲಾಡಲ್ಲ ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ. ಹೌದು, ಅಲ್ಲಾಡುವುದಿಲ್ಲ. ಅದಕ್ಕೆ ಕಾರಣವಿದೆ. ಮಾಂಗಾ ಲೇಖಕ ತೆಝುಕ ಒಸಾಮು 1963ರ ಜನವರಿ 1ರಂದು ‘ಆ್ಯಸ್ಟ್ರೊ ಬಾಯ್’ ಟಿ.ವಿ. ಧಾರಾವಾಹಿ ಶುರುಮಾಡಿದಾಗ ವಾರಕ್ಕೊಂದು ಅರ್ಧ ಗಂಟೆಯ ಎಪಿಸೋಡು ಕೊಡಬೇಕಿತ್ತು, ದುಡ್ಡು ಕಡಿಮೆ ಇತ್ತು. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಒಂದೊಂದು ಚಿತ್ರವನ್ನು ಮೂರು ಫ್ರೇಮ್ ಹಿಡಿದಿಟ್ಟರೆ ಸೆಕೆಂಡಿಗೆ ಎಂಟೇ ಚಿತ್ರ ಸಾಕು. ಮುಖ ಹಾಗೇ ಬಿಟ್ಟು ಬಾಯಿ ಮಾತ್ರ ಬದಲಿಸು, ಓಡುವವನನ್ನು ನಿಲ್ಲಿಸಿ ಹಿನ್ನೆಲೆ ಸರಿಸು, ನಿಂತ ಚಿತ್ರದ ಮೇಲೆ ಕ್ಯಾಮೆರಾ ಮೆಲ್ಲಗೆ ಸಾಗಿಸು: ಕೊರತೆಯಿಂದ ಹುಟ್ಟಿದ ಈ ಉಪಾಯಗಳೇ ಮುಂದೆ ಒಂದು ಶೈಲಿಯಾದವು. ಮಾತಿಲ್ಲದೆ ಒಂದು ಮುಖವನ್ನು ಐದು ಸೆಕೆಂಡ್ ಹಾಗೇ ತೋರಿಸುವ ಧೈರ್ಯ ಅನಿಮೆಗೆ ಬಂದದ್ದು ಹೀಗೆ. ಅಪ್ಪನಿಗೆ ಇದನ್ನು ವಾದದ ಧಾಟಿಯಲ್ಲಿ ಹೇಳಬೇಡಿ. ‘ನೀವು ಹೇಳಿದ್ದು ಸರಿ, ಯಾಕೆ ಗೊತ್ತಾ’ ಎಂದು ಶುರುಮಾಡಿ.

ಉದ್ದದ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ಹೊಸಬರು ಅರ್ಧಕ್ಕೆ ಕೈಬಿಡಲು ದೊಡ್ಡ ಕಾರಣ ಅದು. ‘ಒನ್ ಪೀಸ್’ ಅನಿಮೆ 1999ರಲ್ಲಿ ಶುರುವಾಗಿ 2021ರಲ್ಲೇ ಸಾವಿರ ಎಪಿಸೋಡ್ ಮುಟ್ಟಿತು, ಇನ್ನೂ ಮುಗಿದಿಲ್ಲ. ವಾರಪತ್ರಿಕೆಗಳು ಓದುಗರ ಮತ ಕೇಳುತ್ತವೆ. ಮತ ಬಿದ್ದ ಕತೆ ಬೆಳೆಯುತ್ತಾ ಹೋಗುತ್ತದೆ, ಬೀಳದಿದ್ದದ್ದು ಕೆಲವೇ ತಿಂಗಳಲ್ಲಿ ನಿಲ್ಲುತ್ತದೆ. ಮಾಂಗಾ ಆಧರಿಸಿದ ಅನಿಮೆ ಅದನ್ನು ಹಿಂದಿನಿಂದ ಬಂದು ಮುಟ್ಟಿದರೆ ನಡುವೆ ತುಂಬಲು ಮೂಲದಲ್ಲಿಲ್ಲದ ಎಪಿಸೋಡುಗಳನ್ನು ಹೊಸೆಯುತ್ತಾರೆ. ‘ನರುಟೊ’ ನೋಡಿದವರಿಗೆ ಇದರ ಬೇಸರ ಗೊತ್ತು. ಈಚಿನ ವರ್ಷಗಳಲ್ಲಿ ಹನ್ನೆರಡು ಹದಿಮೂರು ಎಪಿಸೋಡಿನ ಕಂತುಗಳೇ ಹೆಚ್ಚು. ಅಲ್ಲಿ ಬೇರೆ ತೊಂದರೆ: ಎಷ್ಟೋ ಸಲ ಅನಿಮೆ ಮಾಡುವುದೇ ಮಾಂಗಾ ಹೆಚ್ಚು ಮಾರಾಟವಾಗಲಿ ಎಂದು. ಕತೆ ರುಚಿಕಟ್ಟಾದ ಜಾಗದಲ್ಲಿ ನಿಂತು ಮತ್ತೆ ಬರುವುದೇ ಇಲ್ಲ. ಅದಕ್ಕೇ ನನ್ನದೊಂದು ಕಟ್ಟುನಿಟ್ಟಿನ ರೂಢಿ: ಹೊಸಬರಿಗೆ ಮೊದಲು ಕೊಡುವುದು ಒಂದೇ ಕೂರಿಕೆಯಲ್ಲಿ ಮುಗಿಯುವ ಸಿನಿಮಾ, ಇಲ್ಲವೇ ಒಂದೊಂದು ಎಪಿಸೋಡೂ ತನ್ನಷ್ಟಕ್ಕೆ ಪೂರ್ತಿ ಅನ್ನಿಸುವ ಧಾರಾವಾಹಿ. ‘ಇಪ್ಪತ್ತು ಎಪಿಸೋಡ್ ತಡ್ಕೋ, ಆಮೇಲೆ ಸೂಪರ್’ ಎಂದು ಯಾರಿಗೂ ಹೇಳಬೇಡಿ. ಇಪ್ಪತ್ತು ಎಪಿಸೋಡ್ ಎಂದರೆ ಎಂಟು ಗಂಟೆ. ಅಷ್ಟು ಹೊತ್ತಿನಲ್ಲಿ ನಿಮ್ಮ ಅಕ್ಕ ಒಂದು ಕಾದಂಬರಿ ಮುಗಿಸಿರುತ್ತಾಳೆ.

ಈಗ ಒಬ್ಬೊಬ್ಬರಾಗಿ.

ಅಪ್ಪನಿಂದಲೇ ಶುರುಮಾಡುತ್ತೇನೆ, ಯಾಕೆಂದರೆ ಅವರಿಗೆ ಏನು ಕೊಡಬೇಕೆಂದು ನಿಮ್ಮ ಪತ್ರ ಓದುವಾಗಲೇ ಹೊಳೆಯಿತು: ‘ಸಿಲ್ವರ್ ಸ್ಪೂನ್’. ಬರೆದವರು ಅರಕಾವಾ ಹಿರೋಮು. ‘ಫುಲ್‌ಮೆಟಲ್ ಆಲ್ಕೆಮಿಸ್ಟ್’ ಬರೆದ ಅದೇ ಲೇಖಕಿ. ಹೊಕ್ಕೈದೊ ದ್ವೀಪದ ಹೈನುಗಾರರ ಮನೆಯಲ್ಲಿ ಬೆಳೆದವರು. ಓದಿನ ಓಟದಲ್ಲಿ ಸೋತ ಪೇಟೆಯ ಹುಡುಗನೊಬ್ಬ ಹಳ್ಳಿಯ ಕೃಷಿ ಹೈಸ್ಕೂಲಿನ ಹಾಸ್ಟೆಲ್ ಸೇರುತ್ತಾನೆ. ಮೊಟ್ಟೆ ಕೋಳಿಯ ಯಾವ ಭಾಗದಿಂದ ಬರುತ್ತದೆಂದು ಕಣ್ಣಾರೆ ಕಂಡು, ತಿನ್ನಲಾರದೆ ಕಂಗೆಡುತ್ತಾನೆ. ಬಿಸಿ ಅನ್ನಕ್ಕೆ ಕಲಸಿ ಬಾಯಿಗಿಟ್ಟ ಮೇಲೆ ಬಿಡಲಾರ. ಇಷ್ಟು ತಮಾಷೆ. ಎರಡನೇ ಕಂತಿಗೆ ಬಂದರೆ ಅವನ ಸಹಪಾಠಿಯ ಮನೆಯ ಡೈರಿ ಸಾಲದಲ್ಲಿ ಮುಳುಗುತ್ತದೆ. ಹಸುಗಳನ್ನು ಲಾರಿಗೆ ಹತ್ತಿಸಿ ಕಳಿಸುತ್ತಾರೆ, ಆ ಸಹಪಾಠಿ ಬೇಸ್‌ಬಾಲ್ ಕನಸು ಬಿಟ್ಟು ದುಡಿಯಲು ನಿಲ್ಲುತ್ತಾನೆ. ಆ ಸಾಲಕ್ಕೆ ಜಾಮೀನು ನಿಂತ ಪಕ್ಕದ ಮನೆಯವರು ತಮ್ಮ ಕುದುರೆಗಳನ್ನು ಮಾರಬೇಕಾಗುತ್ತದೆ. ಹಾಲಿನ ಸೊಸೈಟಿಯ ಲೆಕ್ಕ ಬರೆದ ಮನುಷ್ಯನಿಗೆ, ಜಾಮೀನಿನ ಸಹಿ ಎಂದರೇನೆಂದು ಹೇಳಿಕೊಡಬೇಕಾಗಿಲ್ಲ. ಎರಡು ಕಂತು ಸೇರಿ 22 ಎಪಿಸೋಡ್, ಮುಂದಿನದು ಬೇಕೆಂದರೆ ಮಾಂಗಾ 15 ಸಂಪುಟಕ್ಕೆ ಮುಗಿದಿದೆ. ಒಂದು ಎಚ್ಚರಿಕೆ: ಹುಡುಗ ಮುದ್ದಿನಿಂದ ಹೆಸರಿಟ್ಟು ಸಾಕಿದ ಹಂದಿಮರಿ ಕೊನೆಗೆ ಕಸಾಯಿಖಾನೆಗೆ ಹೋಗುತ್ತದೆ, ಅದರ ಮಾಂಸವನ್ನು ಅವನೇ ಕೊಂಡು ಬೇಕನ್ ಮಾಡುತ್ತಾನೆ. ಕತೆಯ ಜೀವಾಳವೇ ಆ ಪ್ರಶ್ನೆ. ನಿಮ್ಮ ಮನೆ ಸಸ್ಯಾಹಾರಿಯೋ ಏನೋ ಪತ್ರದಲ್ಲಿಲ್ಲ. ಹೌದಾದರೆ ಮೊದಲೇ ತಿಳಿಸಿ, ಅವರು ಬೇಡವೆಂದರೆ ಒತ್ತಾಯ ಬೇಡ.

ಅಪ್ಪನಿಗೆ ಭಾರತದ್ದೇ ಕತೆ ತೋರಿಸುವ ಆಸೆ ಹಲವರಿಗೆ ಬರುತ್ತದೆ. ಯುಗೊ ಸಾಕೊ ಅವರು ರಾಮ್ ಮೋಹನ್ ಜೊತೆ ಸೇರಿ ತೊಂಬತ್ತರ ದಶಕದಲ್ಲಿ ಮಾಡಿದ ರಾಮಾಯಣ ಸಿನಿಮಾ 2025ರ ಜನವರಿಯಲ್ಲಿ ನಮ್ಮ ಚಿತ್ರಮಂದಿರಗಳಿಗೂ ಬಂದಿತ್ತು. ಧಾರಾಳವಾಗಿ ತೋರಿಸಬಹುದು. ತೆಝುಕ ಅವರ ‘ಬುದ್ಧ’ ಮಾಂಗಾ ಬಗ್ಗೆ ಮಾತ್ರ ಜಾಗ್ರತೆ. ನಾನು ತುಂಬಾ ಮೆಚ್ಚುವ ಕೃತಿ, ಇಂಗ್ಲಿಷಿನಲ್ಲಿ ಎಂಟು ಸಂಪುಟ. ಆದರೆ ತೆಝುಕ ಬುದ್ಧಚರಿತ್ರೆಗೆ ತಮ್ಮದೇ ಪಾತ್ರಗಳನ್ನು ಸೇರಿಸಿದ್ದಾರೆ, ನಗ್ನ ಚಿತ್ರಗಳಿವೆ, ಗಂಭೀರ ಸನ್ನಿವೇಶದ ನಡುವೆ ತುಂಟಾಟಗಳಿವೆ. ಭಕ್ತಿಯಿಂದ ತೆರೆದವರಿಗೆ ನೋವಾಗಬಹುದು.

ಅಕ್ಕನಿಗೆ ‘ಬಾರಾಕಮೋನ್’. ಹನ್ನೆರಡು ಎಪಿಸೋಡ್, 2014ರದ್ದು. ಕುಂಚದಲ್ಲಿ ಅಂದವಾಗಿ ಅಕ್ಷರ ಬರೆಯುವ ಕ್ಯಾಲಿಗ್ರಫಿ ಕಲಾವಿದನೊಬ್ಬ, ನಿನ್ನ ಬರಹ ಪಠ್ಯಪುಸ್ತಕದಂತಿದೆ ಎಂದ ಹಿರಿಯರಿಗೆ ಗುದ್ದುತ್ತಾನೆ. ಬುದ್ಧಿ ಬರಲೆಂದು ಅವನನ್ನು ಅಪ್ಪ ನಾಗಸಾಕಿಯ ಗೊತೊ ದ್ವೀಪಕ್ಕೆ ಕಳಿಸುತ್ತಾರೆ. ಅಲ್ಲಿ ಒಂದನೇ ಕ್ಲಾಸಿನ ನಾರು ಎಂಬ ಹುಡುಗಿ ಅವನ ಮನೆಯೊಳಗೆ ಹೇಳದೆ ಕೇಳದೆ ನುಗ್ಗುತ್ತಾಳೆ. ಕಡಲಂಚಿನ ಎತ್ತರದ ಗೋಡೆಯ ಹತ್ತಿರ ಕರೆದೊಯ್ದು, ಹತ್ತದಿದ್ದರೆ ಏನೂ ಕಾಣಲ್ಲ ಎನ್ನುತ್ತಾಳೆ. ಅವನು ಏದುಸಿರು ಬಿಡುತ್ತಾ ಹತ್ತುತ್ತಾನೆ, ಆಚೆಗೆ ಸೂರ್ಯ ಮುಳುಗುತ್ತಿರುತ್ತಾನೆ. ನಾರುವಿಗೆ ದನಿ ಕೊಟ್ಟಿರುವುದು ಒಬ್ಬ ನಿಜವಾದ ಪುಟ್ಟ ಹುಡುಗಿ. ಆ ದನಿಯ ಒರಟುತನ ದೊಡ್ಡವರ ಅನುಕರಣೆಯಲ್ಲಿ ಬರುವಂಥದ್ದಲ್ಲ. ಊರವರು ಆಡುವುದು ದ್ವೀಪದ ಆಡುಮಾತು. ಶೀರ್ಷಿಕೆಯೂ ಅದೇ ನುಡಿಯದು, ಲವಲವಿಕೆಯ ಮನುಷ್ಯ ಎಂದು ಅರ್ಥ. ಇಂಗ್ಲಿಷ್ ಸಬ್‌ಟೈಟಲಿನಲ್ಲಿ ಇದೆಲ್ಲ ಸಪಾಟಾಗುತ್ತದೆ. ಆದರೆ ತರಗತಿಯಲ್ಲಿ ಮಕ್ಕಳ ಹವ್ಯಕ, ಕುಂದಾಪ್ರ ನುಡಿ ಕೇಳಿ ಅಭ್ಯಾಸವಿರುವ ಕನ್ನಡ ಟೀಚರಿಗೆ, ದನಿಯ ಏರಿಳಿತದಲ್ಲೇ ಪೇಟೆಯವನು ಯಾರು, ಊರಿನವರು ಯಾರು ಎಂದು ತಿಳಿಯುತ್ತದೆ. ನಮ್ಮ ಕೂಟದಲ್ಲಿ ಶಿಕ್ಷಕರಿಗೆ ಇದನ್ನು ಹಾಕಿ ನಾನು ನಿರಾಶಳಾದದ್ದಿಲ್ಲ.

ಅದು ಹಿಡಿಸಿದರೆ ‘ಎ ಸೈಲೆಂಟ್ ವಾಯ್ಸ್’. ಕಿವಿ ಕೇಳದ ಸಹಪಾಠಿಯನ್ನು ಪೀಡಿಸಿದ ಹುಡುಗ ವರ್ಷಗಳ ನಂತರ ಅವಳನ್ನು ಹುಡುಕಿಕೊಂಡು ಹೋಗುವ ಕತೆ, ಏಳು ಸಂಪುಟದ ಮಾಂಗಾ, 2016ರಲ್ಲಿ ಸಿನಿಮಾ ಆಯಿತು. ತರಗತಿಯೊಂದು ಹೇಗೆ ಕ್ರೂರವಾಗುತ್ತದೆ, ಶಿಕ್ಷಕರು ಹೇಗೆ ಕಂಡೂ ಕಾಣದಂತಿರುತ್ತಾರೆ ಎಂದು ಇಷ್ಟು ನೇರವಾಗಿ ತೋರಿಸಿದ್ದು ಕಡಿಮೆ. ಆತ್ಮಹತ್ಯೆಯ ಪ್ರಯತ್ನದ ದೃಶ್ಯವಿದೆ. ಮೊದಲೇ ಹೇಳಿ, ಮತ್ತು ಮಗ ಪಕ್ಕದಲ್ಲಿರುವಾಗ ಹಾಕಬೇಡಿ.

ಹುಡುಗನ ವಿಷಯದಲ್ಲಿ ಮೊದಲ ಕೆಲಸ ಅವನ ನಂಬಿಕೆಯನ್ನು ಮರಳಿ ಗಳಿಸುವುದು. ‘ಟೊಟೊರೊ’ ತೋರಿಸಿ. 86 ನಿಮಿಷ, ಕಡುಪಾಪಿಗಳಿಲ್ಲ, ಮಾತೂ ಹೆಚ್ಚಿಲ್ಲ. ಅಕ್ಕತಂಗಿಯರಿಬ್ಬರ ಅಮ್ಮ ಆಸ್ಪತ್ರೆಯಲ್ಲಿರುತ್ತಾಳೆ, ತಂಗಿ ಒಮ್ಮೆ ಕಳೆದುಹೋಗುತ್ತಾಳೆ; ಎರಡೂ ಕ್ಷೇಮವಾಗಿ ಮುಗಿಯುತ್ತವೆಂದು ಅವನಿಗೆ ಮೊದಲೇ ಹೇಳಿಬಿಡಿ. ಕತೆ ಗೊತ್ತಾದರೆ ಸ್ವಾರಸ್ಯ ಹೋಗುತ್ತದೆ ಎಂಬ ಚಿಂತೆ ಇಲ್ಲಿ ಬೇಡ. ಮಳೆಯಲ್ಲಿ ಬಸ್‌ಸ್ಟಾಪಿನ ದೃಶ್ಯವೊಂದಿದೆ. ಕತ್ತಲಾಗಿದೆ, ಅಕ್ಕ ತಂಗಿಯನ್ನು ಬೆನ್ನಿಗೆ ಹಾಕಿಕೊಂಡು ಅಪ್ಪನ ಬಸ್ಸಿಗೆ ಕಾಯುತ್ತಿದ್ದಾಳೆ. ತಲೆ ಮೇಲೊಂದು ಎಲೆ ಇಟ್ಟುಕೊಂಡು ಟೊಟೊರೊ ಎಂಬ ದೊಡ್ಡ ಪ್ರಾಣಿ ಪಕ್ಕ ಬಂದು ನಿಲ್ಲುತ್ತದೆ. ಅವಳು ಅಪ್ಪನ ಕೊಡೆಯನ್ನು ಅದಕ್ಕೆ ಕೊಡುತ್ತಾಳೆ. ಮರದಿಂದ ಒಂದು ಹನಿ ಕೊಡೆ ಮೇಲೆ ಟಪ್ ಎಂದು ಬೀಳುತ್ತದೆ, ಅದರ ಕೂದಲು ನಿಮಿರುತ್ತದೆ. ಇನ್ನೊಂದು ಹನಿ. ಆ ಸದ್ದಿನ ಸುಖಕ್ಕೆ ಅದು ಎಗರಿ ನೆಲಕ್ಕೆ ಕುಪ್ಪಳಿಸಿದರೆ, ಇಡೀ ಮರದ ನೀರು ಒಮ್ಮೆಲೇ ಧೋ ಎಂದು ಸುರಿಯುತ್ತದೆ. ಮಲೆನಾಡಿನ ಮಗುವಿಗೆ ಈ ದೃಶ್ಯಕ್ಕೆ ಸಬ್‌ಟೈಟಲ್ ಬೇಕಿಲ್ಲ.

ಆಮೇಲೆ ಅವನಿಗೆ ವಾಲಿಬಾಲ್ ಇಷ್ಟವಿದ್ದರೆ ‘ಹೈಕ್ಯೂ’. ಕುಳ್ಳ ಹುಡುಗನೊಬ್ಬ ಎತ್ತರದವರ ಆಟಕ್ಕೆ ನುಗ್ಗುವ ಕತೆ. ಊರ ಮೈದಾನದಲ್ಲಿ ರಾತ್ರಿ ಲೈಟು ಹಾಕಿ ಪಂದ್ಯ ನಡೆಸುವ ನಮ್ಮ ಕಡೆಯ ಹುಡುಗರಿಗೆ ಸೆಟ್ಟರ್, ಸ್ಪೈಕರ್ ಎಂದರೇನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಡಬ್ಬಿಂಗ್ ಬಗ್ಗೆ ಅಭಿಮಾನಿಗಳಲ್ಲಿ ಒಂದು ಮಡಿವಂತಿಕೆ ಇದೆ. ಮೂಲ ದನಿಯೇ ಚೆಂದ ಎಂದು ಜಪಾನಿ ಕಲಿಸುವ ನನಗೂ ಅನ್ನಿಸುತ್ತದೆ. ಆದರೆ ನೋಡುವವರ ಕಣ್ಣು ಅಕ್ಷರದ ಹಿಂದೆ ಓಡಿ ಚಿತ್ರ ತಪ್ಪಿಹೋಗುವುದಾದರೆ ಡಬ್ ಆದದ್ದೇ ಒಳ್ಳೆಯದು. ಹಿಂದಿ, ತಮಿಳು, ತೆಲುಗಿನಲ್ಲಿ ಈಗ ಹೆಚ್ಚೆಚ್ಚು ಸಿಗುತ್ತಿದೆ, ಕನ್ನಡದಲ್ಲಿ ಕಡಿಮೆ. ನಮ್ಮ ಕೂಟದಲ್ಲಿ ನಾವು ಕಂಡುಕೊಂಡ ದಾರಿ ಸರಳ: ಇಂಗ್ಲಿಷ್ ಬಲ್ಲವರೊಬ್ಬರು ಪಕ್ಕದಲ್ಲಿ ಕೂತು ಸಣ್ಣ ದನಿಯಲ್ಲಿ ಕನ್ನಡದಲ್ಲಿ ಹೇಳುತ್ತಾ ಹೋಗುವುದು. ಪ್ರತಿ ಸಾಲೂ ಬೇಡ, ಕತೆ ತಪ್ಪದಷ್ಟು ಸಾಕು. ನಿಮ್ಮ ಅಪ್ಪನಿಗೆ ಈ ಕೆಲಸ ಮೊಮ್ಮಗ ಮಾಡಲಿ. ಹೇಳುವ ಖುಷಿಗೆ ಅವನೂ ಗಮನವಿಟ್ಟು ನೋಡುತ್ತಾನೆ.

ಮಾಂಗಾ ಮೊದಲೋ ಅನಿಮೆ ಮೊದಲೋ ಎಂಬುದಕ್ಕೆ ನಿಯಮವಿಲ್ಲ. ಅಕ್ಕ ಓದುವವರು, ಹಾಗಾಗಿ ಒಂದು ಮಾಂಗಾ ಸಂಪುಟವನ್ನೂ ಒಯ್ಯಿರಿ. ‘ಯೊತ್ಸುಬ’ ಒಳ್ಳೆಯದು: ಐದು ವರ್ಷದ ಹುಡುಗಿಗೆ ಪ್ರತಿ ದಿನವೂ ಹೊಸದು, ಪ್ರತಿ ಅಧ್ಯಾಯವೂ ಒಂದು ಪುಟ್ಟ ಕತೆ. ಓದುವ ದಿಕ್ಕು ಮಾತ್ರ ತೋರಿಸಿಕೊಡಬೇಕು. ನಮ್ಮಲ್ಲಿಗೆ ಬರುತ್ತಿದ್ದ ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಅದನ್ನು ನಮ್ಮ ಪುಸ್ತಕದಂತೆ ತೆರೆದು, ಮೊದಲ ಪುಟದಲ್ಲೇ ಕತೆ ಮುಗಿದದ್ದು ಕಂಡು, ಅಚ್ಚಿನ ತಪ್ಪೆಂದು ನನ್ನ ಬಳಿ ತಂದರು. ನಾನು ಪುಸ್ತಕ ತಿರುಗಿಸಿ, ಅವರ ಬೆರಳು ಹಿಡಿದು ಪುಟದ ಬಲ ಮೇಲ್ತುದಿಯಲ್ಲಿಟ್ಟು ಎಡಕ್ಕೆ ಎಳೆದೆ, ಮತ್ತೆ ಬಲಕ್ಕೆ ಬಂದು ಕೆಳಗಿನ ಸಾಲು. ಚೌಕದೊಳಗಿನ ಮಾತಿನ ಗುಳ್ಳೆಗಳೂ ಹಾಗೇ, ಬಲದ್ದು ಮೊದಲು. ಮೂರು ಪುಟ ಬೆರಳು ನಡೆಯಿತು, ನಾಲ್ಕನೆಯದಕ್ಕೆ ಅವರೇ ನನ್ನ ಕೈ ಸರಿಸಿದರು.

ಒಂದು ಸಂಪುಟಕ್ಕೆ 400ರಿಂದ 600 ರೂಪಾಯಿ ಆಗಬಹುದು. ಒಂದೇ ಕೊಳ್ಳಿ, ಪೂರ್ತಿ ಸೆಟ್ ಬೇಡ. ಹಿಡಿಸದಿದ್ದರೆ ಕಪಾಟಿನಲ್ಲಿ ಕೂತು ಇಬ್ಬರಿಗೂ ಮುಜುಗರ. ಬೆಂಗಳೂರಿನ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳಲ್ಲಿ ಮಾಂಗಾ ಸಿಗುತ್ತದೆ. ಶುಯೇಶಾ ಪ್ರಕಾಶನದ ‘ಮಾಂಗಾ ಪ್ಲಸ್’ ಆ್ಯಪಿನಲ್ಲಿ ಹಲವು ಕತೆಗಳ ಮೊದಲ ಕೆಲವು ಅಧ್ಯಾಯಗಳನ್ನು ದುಡ್ಡಿಲ್ಲದೆ ಓದಬಹುದು. ಜಿಬ್ಲಿ ಸಿನಿಮಾಗಳು 2020ರಿಂದ ನೆಟ್‌ಫ್ಲಿಕ್ಸ್‌ನಲ್ಲಿವೆ. ಕಳ್ಳ ಸೈಟುಗಳ ಲಿಂಕನ್ನು ಹುಡುಗನ ಕೈಗೆ ಕೊಡಬೇಡಿ. ಲೇಖಕರಿಗೆ ಕಾಸು ಸಿಗುವುದಿಲ್ಲ ಎಂಬುದು ಒಂದು. ಅಲ್ಲಿ ಎದ್ದುಬರುವ ಅಶ್ಲೀಲ ಜಾಹೀರಾತುಗಳು ಇನ್ನೊಂದು. ಅನಿಮೆ ಎಂದರೆ ಕೆಟ್ಟದ್ದು ಎಂದು ನನ್ನ ಬಳಿ ದೂರು ತಂದ ಪೋಷಕರಲ್ಲಿ ಹಲವರು ಕಂಡಿದ್ದು ಅನಿಮೆಯನ್ನಲ್ಲ, ಆ ಜಾಹೀರಾತುಗಳನ್ನು.

ದಸರೆಗೆ ಊರಿಗೆ ಹೋದಾಗ ಮೊದಲ ದಿನವೇ ಲ್ಯಾಪ್‌ಟಾಪ್ ತೆಗೆಯಬೇಡಿ. ಅಕ್ಕನ ಕೋಪಕ್ಕೆ ಮೊದಲು ಸ್ಪಷ್ಟವಾಗಿ ತಪ್ಪಾಯಿತೆನ್ನಿ, ಮಗನಿಗೆ ಏನು ತೋರಿಸಬೇಕೆಂದಿದ್ದೀರೋ ಅದನ್ನು ಅವಳೇ ಮೊದಲು ನೋಡಲಿ. ಹಾಲು ಕರೆದು, ಡೈರಿಗೆ ಹಾಕಿ ಬಂದು ಅಪ್ಪ ಕಾಫಿಗೆ ಕೂರುವ ಹೊತ್ತು ‘ಸಿಲ್ವರ್ ಸ್ಪೂನ್’ ಒಂದೇ ಎಪಿಸೋಡ್ ಹಾಕಿ, ಎರಡನೆಯದು ಅವರೇ ಕೇಳುವವರೆಗೆ ಹಾಕಬೇಡಿ. ಜೊತೆಗೆ ಕೂತು ನೋಡಿ, ಫೋನು ಬದಿಗಿಡಿ. ‘ಈಗ ನೋಡು, ಈಗ ಬರುತ್ತೆ’ ಎನ್ನಬೇಡಿ. ಅವರಿಗೆ ಇಷ್ಟವಾಯಿತೇ ಎಂದು ಮುಖ ನೋಡುತ್ತಾ ಕೂರಬೇಡಿ, ನೋಡುವವರಿಗೆ ಅದು ಪರೀಕ್ಷೆ ಬರೆದಂತಾಗುತ್ತದೆ. ನೀವೂ ತೆರೆಯನ್ನೇ ನೋಡಿ.